ಎಡಗಡೆಗೆ ಗಂಧ, ಬಲಗಡೆಗೆ ಬರೀ ನೀರು

ಜನವರಿ 4, ಗುರುವಾರ

ಬೆಳಿಗ್ಗೆ ಜೀಪು ಸ್ಟಾರ್ಟ್ ಆಗಲಿಲ್ಲ. ತಳ್ಳಿಸಬೇಕಾಯಿತು. ತಳ್ಳಿದವರು ಸಿಸ್ಟರ್ರೇ — ಬಿಳಿ ಕೋಟು ಹಾಕಿಕೊಂಡು, ಬೂಟುಗಾಲು ಊರಿಕೊಂಡು. ನಾನು ಸ್ಟೀರಿಂಗ್ ಹಿಡಿದು ಮಂತ್ರಿಯ ಹಾಗೆ ಎರಡೂ ಕಡೆ ಕೈ ಬೀಸಿದೆ. ಪೆನ್ನಾಗರಂ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವರೆಲ್ಲ ನಕ್ಕರು. ಸಿಸ್ಟರ್ರೂ ನಕ್ಕರು. ನಕ್ಕರೆ ಅವರ ಕಣ್ಣು ಎರಡು ಗೆರೆ ಆಗುತ್ತದೆ. ಎದುರಿಗೆ ಯಾರಿದ್ದಾರೆ ಎಂದು ಕಾಣಿಸುತ್ತದೋ ಇಲ್ಲವೋ.

ಈ ಡೈರಿ ಅವರು ಕ್ರಿಸ್‌ಮಸ್‌ಗೆ ಕೊಟ್ಟದ್ದು. ದಿನಾ ಬರೀರಿ ಅಣ್ಣಾ, ಮನಸ್ಸು ಹಗುರ ಆಗುತ್ತೆ ಅಂದರು. ನನ್ನ ಮನಸ್ಸು ಮೊದಲೇ ಹಗುರ, ಇನ್ನೂ ಹಗುರ ಆದರೆ ಹಾರಿಹೋಗುತ್ತದೆ ಅಂದೆ. ನಾನು ಓದಿದ್ದು ಐದನೇ ಕ್ಲಾಸು. ಅದೂ ನದಿಯಾಚೆ, ಕರ್ನಾಟಕದಲ್ಲಿ, ಸೋದರಮಾವನ ಮನೆಯಲ್ಲಿದ್ದಾಗ. ಹೆಂಡತಿ ಧನಲಕ್ಷ್ಮಿಗೆ, ಮಕ್ಕಳಿಗೆ ತಮಿಳು ಮಾತ್ರ ಓದಲು ಬರುತ್ತದೆ. ಹಾಗಾಗಿ ಈ ಪುಸ್ತಕ ಟಿವಿ ಮೇಲೆ ಬಿದ್ದಿದ್ದರೂ ಭಯವಿಲ್ಲ. ಬೀರುವಿಗಿಂತ ಭದ್ರ.

ಸಿಸ್ಟರ್ ಹೆಸರು ಲಾಲ್‌ಮುವಾನಿ. ಮಿಜೋರಾಂನವರು. ಮಿಷನ್ ಕ್ಲಿನಿಕ್ಕಿನಲ್ಲಿ ನರ್ಸು. ನಾನು ಅಲ್ಲಿ ಡ್ರೈವರು. ಅವರು ನನ್ನ ಹತ್ತಿರ ಆಡುವುದು ತಮಿಳು, ಅದೂ ಬಿಡಿಬಿಡಿ. ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಜನವರಿ 11, ಗುರುವಾರ

ಇವತ್ತು ನಮ್ಮ ಹಟ್ಟಿಗೆ ಕರೆದುಕೊಂಡು ಹೋದೆ. ನಾನು ಹುಟ್ಟಿದ ಊರು. ಪೆನ್ನಾಗರದಿಂದ ಹದಿನೆಂಟು ಕಿಲೋಮೀಟರ್, ಕೊನೆಯ ಆರು ಬರೀ ಕಲ್ಲು. ಮೂವತ್ತು ಮನೆ, ಕುರಿ, ರಾಗಿ, ಅವರೆ. ಎಲ್ಲರ ಬಾಯಲ್ಲೂ ಕನ್ನಡ. ಅಲ್ಲೊಂದು ಕ್ಲಿನಿಕ್ ನಡೆಸಬೇಕು, ವಾರಕ್ಕೊಂದು ಸಲ, ಗುರುವಾರ — ಇದು ಸಿಸ್ಟರ್ ಆಸೆ.

ಬೇಲಿಯ ಹತ್ತಿರವೇ ಊರಗೌಡ ರಾಮಪ್ಪ ತಡೆದ.

"ಏನ್ಲಾ ಮಲ್ಲ, ಈ ನೇಪಾಳದಮ್ಮ ಸೂಜಿ ಚುಚ್ಚಾಕ್ ಬಂದವ್ಳಾ, ನಮ್ ಸಾಮಿ ಬದ್ಲಾಯ್ಸಾಕ್ ಬಂದವ್ಳಾ?"

"ಗೌಡ್ರೇ, ನಿಮ್ ಚರ್ಮಕ್ಕೆ ಸೂಜೀನೇ ಬೆಂಡಾಯ್ತದೆ. ಇನ್ನು ಸಾಮಿ ಎಲ್ಲಿಂದ ಒಳಕ್ಕೋದಾನು?"

ಹೆಂಗಸರೆಲ್ಲ ನಕ್ಕರು. ಗೌಡ ನಗಲಿಲ್ಲ. ನನ್ನ ಅಣ್ಣ ಮಾದಯ್ಯ — ಮಾರಮ್ಮನ ಪೂಜಾರಿ — ಎದ್ದು ನಿಂತ. ಅವನು ಮಾತಾಡುವುದೇ ಕಡಿಮೆ.

"ಅಮ್ಮನ್ನ ಕೇಳಾಣ. ನಾಳೆ ಶುಕ್ರವಾರ. ಊವ ಏರ್ಸಾಣ."

ಜನವರಿ 12, ಶುಕ್ರವಾರ

ಹೂವು ಬಲಕ್ಕೆ ಬಿತ್ತು. ಕ್ಲಿನಿಕ್ ಆಯಿತು. ಕುರಿದೊಡ್ಡಿಯ ಪಕ್ಕದ ಚಪ್ಪರ ಕೊಟ್ಟಿದ್ದಾರೆ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ನಮ್ಮಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಅಮ್ಮನ ಕಲ್ಲಿನ ಎರಡು ಭುಜಕ್ಕೂ ಒಂದೊಂದು ಸೇವಂತಿ ಒದ್ದೆ ಮಾಡಿ ಅಂಟಿಸುತ್ತೇವೆ. ನೀರು ಆರುತ್ತಾ ಆರುತ್ತಾ ಒಂದು ಮೊದಲು ಬೀಳುತ್ತದೆ. ಬಲಗಡೆಯದು ಬಿದ್ದರೆ ಅಮ್ಮನ ಒಪ್ಪಿಗೆ. ಎಡಗಡೆಯದು ಬಿದ್ದರೆ ಇಲ್ಲ. ಮುಗಿಯಿತು, ಅದರ ಮೇಲೆ ಮಾತಿಲ್ಲ. ಅಪ್ಪ ಸಾಯುವಾಗ ಪೂಜೆ ಅಣ್ಣನಿಗೆ ಕೊಟ್ಟ, ಹೂವು ಏರಿಸುವುದು ನನಗೆ ಕೊಟ್ಟ. ಈಗ ಪೇಟೆಯಲ್ಲಿದ್ದರೂ ಅದಕ್ಕೆ ನಾನೇ ಹೋಗಬೇಕು.

ನಾನು ಏನು ಮಾಡುತ್ತೇನೆ ಅಂದರೆ — ಎಡಗಡೆಯ ಹೂವಿನ ಬೆನ್ನಿಗೆ ಒಂದು ಚೂರು ಗಂಧ ಸವರುತ್ತೇನೆ. ಬಲಗಡೆಗೆ ಬರೀ ನೀರು. ಗಂಧ ಬೇಗ ಬಿಡುವುದಿಲ್ಲ. ಅಷ್ಟೇ. ದಿನಾ ಅಲ್ಲ. ಬೇಕಾದಾಗ ಮಾತ್ರ. ಹತ್ತು ವರ್ಷಕ್ಕೆ ನಾಲ್ಕು ಸಲ ಇರಬಹುದು. ಬೋರ್‌ವೆಲ್ಲು, ಎರಡು ಮದುವೆ, ಇವತ್ತಿನದು. ಬೋರ್‌ವೆಲ್ಲಿನಲ್ಲಿ ನೀರು ಬಂತು, ಮದುವೆಯವರು ಇನ್ನೂ ಜಗಳವಾಡಿಕೊಂಡು ಚೆನ್ನಾಗಿದ್ದಾರೆ. ಅಮ್ಮನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ.

ಯಾರಿಗೂ ಗೊತ್ತಿಲ್ಲ. ನನ್ನದೇ ಉಪಾಯ.

ಫೆಬ್ರವರಿ 8

ಸಿಸ್ಟರ್ ಕನ್ನಡ ಕಲಿಸಿ ಅಂದಿದ್ದರು. ಕಲಿಸಿದೆ. ಊಟ ಆದ ಮೇಲೆ ಥ್ಯಾಂಕ್ಸ್ ಹೇಳಬೇಕಾದರೆ "ಇನ್ನೊಂದು ಮುದ್ದೆ ಆಕಿ" ಅನ್ನಬೇಕು ಅಂದೆ. ಇವತ್ತು ಅಣ್ಣನ ಮನೆಯಲ್ಲಿ ಊಟ. ಅತ್ತಿಗೆ ಸಿದ್ದಲಕ್ಷ್ಮಮ್ಮ ಬಡಿಸಿದಳು. ಸಿಸ್ಟರ್ ಕಷ್ಟಪಟ್ಟು ಒಂದು ಮುದ್ದೆ ಮುಗಿಸಿ, ಕೈ ಮುಗಿದು, ಥ್ಯಾಂಕ್ಸ್ ಹೇಳಿದರು. ಅತ್ತಿಗೆ ಖುಷಿಯಿಂದ ಇನ್ನೊಂದು ಹಾಕಿದಳು. ಅದನ್ನೂ ಮುಗಿಸಿ ಮತ್ತೆ ಥ್ಯಾಂಕ್ಸ್. ಮತ್ತೊಂದು. ಮೂರನೆಯದಕ್ಕೆ ಸಿಸ್ಟರ್ ಕಣ್ಣಲ್ಲಿ ನೀರು. ನಾನು ಜೀಪಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ಕೂತೆ.

ಗೊತ್ತಾದ ಮೇಲೆ ಸ್ಟೆತಾಸ್ಕೋಪಿನಲ್ಲಿ ಹೊಡೆದರು. ಆದರೆ ಅದೇ ಮಾತು ಉಳಿದುಬಿಟ್ಟಿದೆ. ಈಗ ಹಟ್ಟಿಯ ಮಕ್ಕಳೂ ಅವರನ್ನು ಕಂಡರೆ "ಇನ್ನೊಂದು ಮುದ್ದೆ" ಅಂತಲೇ ಕರೆಯುತ್ತವೆ.

ಮಾರ್ಚ್ 7

ದಾರಿಯಲ್ಲಿ ಕೇಳಿದೆ, ನಿಮ್ಮನ್ನು ಇಷ್ಟು ದೂರ ಯಾರು ಕಳಿಸಿದರು ಅಂತ. ಅವರ ಊರಿನಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ಬೇರೆ ತೆಗೆದಿಡುತ್ತಾರಂತೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಅದನ್ನೆಲ್ಲ ಸೇರಿಸಿ ಮಾರಿ ಮಿಷನ್‌ಗೆ ಕೊಡುತ್ತಾರಂತೆ. ಇವರ ಅಮ್ಮನೂ ದಿನಾ ಇಡುತ್ತಾಳಂತೆ. ಅಂದರೆ ಈ ಜೀಪು ಓಡುವುದು ಹಿಡಿ ಅಕ್ಕಿಯಲ್ಲಿ.

ಅತ್ತಿಗೆಗೆ ಹೇಳಿದೆ. ಅವಳು ಒಲೆ ಊದುತ್ತಾ ಕೇಳಿಸಿಕೊಂಡಳು.

"ನೋಡಲಾ, ಯಾವ್ದೋ ಬೆಟ್ಟದಾಗಿನ ಎಂಗಸ್ರು ನಮ್ ಮನೆ ಕೂಸಿಗೆ ಅಂತ ಅಕ್ಕಿ ತಗ್ದಿಕ್ತಾವ್ರೆ. ನಮಗ್ ಅವ್ರ ಎಸ್ರೂ ಗೊತ್ತಿಲ್ಲ."

ಆಮೇಲೆ ನೋಡಿದೆ. ಗೂಡಿನಲ್ಲಿ ಒಂದು ಹಳದಿ ಬಟ್ಟೆಯ ಚೀಲ. ರಾಗಿ ಒಂದು ಹಿಡಿ ಬಿದ್ದಿದೆ.

ಮಾರ್ಚ್ 21

ಇವತ್ತು ಬಾಯಿ ಸುಮ್ಮನಿರಲಿಲ್ಲ. ಬರುವಾಗ ಸಿಸ್ಟರ್ ಒಳ್ಳೆಯ ಮೂಡಲ್ಲಿದ್ದರು. ನಿಮ್ಮ ಮಾರಮ್ಮನೇ ನನ್ನನ್ನು ಒಳಗೆ ಬಿಟ್ಟರಲ್ಲ, ಆವತ್ತು ನಾನು ಅತ್ತುಬಿಟ್ಟೆ ಅಂದರು. ನಾನು ತಮಾಷೆಗೆ — ಅಮ್ಮ ಅಲ್ಲ ಸಿಸ್ಟರ್, ಗಂಧ — ಅಂದೆ. ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.

ಜೀಪು ನಿಲ್ಲಿಸಿ ಅಂದರು. ಇಳಿದು ರಸ್ತೆ ಪಕ್ಕ ಹುಣಿಸೆ ಮರದ ಕೆಳಗೆ ನಿಂತರು.

"ಆ ಜನ ನನ್ನನ್ನು ನಂಬಿದ್ದು ಸುಳ್ಳಿನ ಮೇಲೆ."

"ಸಣ್ಣ ಸುಳ್ಳು ಸಿಸ್ಟರ್. ಒಂದು ಉಗುರಿನಷ್ಟು ಗಂಧ."

"ಅವರ ದೇವರ ಮೈಮೇಲೆ."

ವಾಪಸ್ಸು ಹೋಗಿ ಎಲ್ಲರಿಗೂ ಹೇಳಿಬಿಡುತ್ತೇನೆ ಅಂದರು. ನಾನು ಕೈ ಮುಗಿದೆ. ಅಣ್ಣ ನನ್ನ ಮುಖ ನೋಡುವುದಿಲ್ಲ, ಗೌಡ ಚಪ್ಪರಕ್ಕೆ ಬೆಂಕಿ ಇಡುತ್ತಾನೆ, ಬಿಪಿ ನೋಡಿಸಿಕೊಳ್ಳುವ ಆ ಇಪ್ಪತ್ತು ಮುದುಕಿಯರು ಎಲ್ಲಿಗೆ ಹೋಗಬೇಕು ಅಂದೆ. ಕೊನೆಗೆ ಕೈ ಚಾಚಿದರು. ಮಾತು ಕೊಡಿ ಅಂದರು. ಇನ್ನು ಮುಂದೆ ಇಲ್ಲ. ಯಾವ ಕಾರಣಕ್ಕೂ ಇಲ್ಲ.

ಕೊಟ್ಟೆ. ಗಂಡಸರ ಹಾಗೆ ಗಟ್ಟಿ ಹಿಡಿಯುತ್ತಾರೆ ಕೈಯನ್ನು.

ನನಗೆ ಐವತ್ತಾಗುತ್ತಾ ಬಂತು. ನಾನು ಏನು ಹೇಳಿದರೂ ಜನ ಅರ್ಧ ಮಾತ್ರ ನಂಬುತ್ತಾರೆ. ಪೂರ್ತಿ ನಂಬುತ್ತೇನೆ ಎಂದು ಯಾರೂ ಹೀಗೆ ಕೈ ಚಾಚಿರಲಿಲ್ಲ.

ಮೇ 19, ಭಾನುವಾರ

ಮೀನಾಗೆ ಬಳೆ ತೊಡಿಸಿದರು. ಮಾದಯ್ಯನ ಮಗಳು, ಒಬ್ಬಳೇ. ಹತ್ತೊಂಬತ್ತು ವರ್ಷ. ಗಂಡ ಬಾಲಾಜಿಯದು ಅದಿಯಮಾನ್‌ಕೋಟೆ, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸ. ಹೆರಿಗೆಗೆ ತವರಿಗೆ ಬಂದಿದ್ದಾಳೆ. ಸಿಸ್ಟರ್ ಕೂಡ ಬಳೆ ತೊಡಿಸಿದರು. ಆಮೇಲೆ ಅವರ ಭಾಷೆಯಲ್ಲಿ ಒಂದು ಹಾಡು ಹೇಳಿದರು. ಯಾರಿಗೂ ಅರ್ಥ ಆಗಲಿಲ್ಲ. ಗೌಡ ಕೂಡ ತಲೆ ಆಡಿಸಿದ.

ಮೀನಾ ನನ್ನ ಕಿವಿಯಲ್ಲಿ ಹೇಳಿದಳು, "ಚಿಕ್ಕಪ್ಪೋ, ಗಂಡಾದ್ರೆ ನಿನ್ ಎಸ್ರಿಡ್ತೀನಿ. ಎಣ್ಣಾದ್ರೆ ಸಿಸ್ಟರ್ ಎಸ್ರು."

"ನನ್ ಎಸ್ರು ಬ್ಯಾಡ ಕಣವ್ವ. ಕೂಸು ಉಟ್ಟುತ್ಲೇ ನಗ್ತದೆ. ಡಾಕ್ಟ್ರು ಎದ್ರಿಕೋತಾರೆ."

ಜುಲೈ 11

ಕಾಡಿನಿಂದ ಕಳಲೆ ತಂದುಕೊಟ್ಟೆ. ಎಳೆ ಬಿದಿರು. ಅವರ ಊರಲ್ಲಿ ಇದೇ ದೊಡ್ಡ ಊಟವಂತೆ, ಇಲ್ಲಿಗೆ ಬಂದ ಮೇಲೆ ಮೂರು ವರ್ಷ ತಿಂದಿಲ್ಲವಂತೆ. ಕ್ಲಿನಿಕ್ಕಿನ ಗ್ಯಾಸಿನ ಮೇಲೆ ಬೇಯಿಸಿದರು. ಎಣ್ಣೆ ಇಲ್ಲ, ಸಾಸಿವೆ ಇಲ್ಲ, ಏನೂ ಇಲ್ಲ. ಒಣಮೆಣಸಿನಕಾಯಿ, ಉಪ್ಪು. ನನಗೆ ಜಾನುವಾರಿನ ಮೇವು ತಿಂದ ಹಾಗಾಯಿತು. ಅವರು ಕಣ್ಣು ಮುಚ್ಚಿಕೊಂಡು ತಿಂದರು. ಮುಗಿದ ಮೇಲೆ ನಾನು ಹೇಳಿದೆ — ಇನ್ನೊಂದು ಮುದ್ದೆ ಹಾಕಿ. ನಕ್ಕೂ ನಕ್ಕೂ ಅತ್ತರು.

ಧನಲಕ್ಷ್ಮಿ ಕೇಳುತ್ತಾಳೆ, ಆ ಸಿಸ್ಟರ್ ನಿನಗೆ ಏನಾಗಬೇಕು ಅಂತ. ತಂಗಿ ಅಂದೆ. ನನಗೆ ತಂಗಿ ಇರಲಿಲ್ಲ.

ಜುಲೈ 25

ಮೀನಾ ಬಿಪಿ ಸ್ವಲ್ಪ ಜಾಸ್ತಿ. ಮಾತ್ರೆ ಕೊಟ್ಟರು. ಧರ್ಮಪುರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕು, ಸೋಮವಾರ ಅಂದರು. ಅತ್ತಿಗೆ, ಮಂಗಳವಾರ ಮಾರಮ್ಮನ ಹಬ್ಬಕ್ಕೆ ಕಾಪು ಕಟ್ಟುತ್ತಾರೆ, ಮನೆ ಸಾರಿಸಬೇಕು, ಹಬ್ಬ ಕಳೀಲಿ ಅಂದಳು. ಹಬ್ಬ ಎಂಟೇ ದಿನ. ಸಿಸ್ಟರ್ ಎರಡು ಸಲ ಹೇಳಿದರು. ನಾನೂ ಹೇಳಿದೆ. ಮೀನಾ ಆರಾಮಾಗಿ ಕೂತು ನೆಲ್ಲಿಕಾಯಿ ಕಚ್ಚುತ್ತಿದ್ದಳು.

ಜುಲೈ 30, ಮಂಗಳವಾರ

ಕಾಪು ಕಟ್ಟಿದರು. ಅಣ್ಣನ ಮುಂಗೈಗೆ ಅರಿಶಿನದ ದಾರ. ಇನ್ನು ಮುಂದಿನ ಬುಧವಾರ ಬಿಚ್ಚುವವರೆಗೂ ಹಟ್ಟಿಯವರು ಯಾರೂ ಎಲ್ಲೆಕಲ್ಲು ದಾಟಿ ಹೊರಗೆ ರಾತ್ರಿ ಕಳೆಯುವ ಹಾಗಿಲ್ಲ. ದಾಟಿದರೆ ಅಮ್ಮ ಊರು ಬಿಟ್ಟು ಹೋಗುತ್ತಾಳೆ ಅಂತ. ನಾನು ಪೇಟೆಯವನಾಗಿ ಇಪ್ಪತ್ತು ವರ್ಷ, ನನಗೆ ಲೆಕ್ಕವಿಲ್ಲ. ನನ್ನನ್ನು ಅಮ್ಮ ಯಾವಾಗಲೋ ಬಿಟ್ಟಿದ್ದಾಳೆ ಅಂತ ಗೌಡ.

ಆಗಸ್ಟ್ 1, ಗುರುವಾರ, ಸಂಜೆ 7

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲೆಕಲ್ಲಿನ ಈಚೆ. ಸಿಸ್ಟರ್ ಮುಂದಿನ ಸೀಟಿನಲ್ಲಿ.

ಮಧ್ಯಾಹ್ನ ಬಂದಾಗ ಮೀನಾ ಮುಖ ಊದಿತ್ತು. ಕಾಲ್ಗೆಜ್ಜೆ ಮಾಂಸದಲ್ಲಿ ಹೂತುಹೋಗಿತ್ತು. ತಲೆನೋವು, ಕಣ್ಣ ಮುಂದೆ ಮಿಣುಕುಹುಳ ಹಾರಿದ ಹಾಗೆ ಅಂದಳು. ಸಿಸ್ಟರ್ ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು. ನೂರಾ ಎಪ್ಪತ್ತು, ನೂರಾ ಹದಿನೈದು. ಈಗಲೇ ಹೊರಡಬೇಕು, ಅಡ್ಮಿಟ್ ಮಾಡಬೇಕು, ಇಲ್ಲದಿದ್ದರೆ ಫಿಟ್ಸ್ ಬರುತ್ತೆ, ತಾಯಿ ಮಗು ಇಬ್ಬರೂ ಹೋಗುತ್ತಾರೆ ಅಂದರು. ಹಾಗೇ ಹೇಳಿದರು. ನಾನೂ ಹಾಗೇ ಕನ್ನಡದಲ್ಲಿ ಹೇಳಿದೆ. ತಮಾಷೆ ಸೇರಿಸಲಿಲ್ಲ.

ಜನ ಸೇರಿದರು. ಗೌಡ ಅಂದ, "ಪೂಜಾರಿ ಕೈಯಾಗೆ ಕಾಪೈತೆ. ಪೂಜಾರಿ ಮಗಳೇ ಎಲ್ಲೆ ದಾಟುದ್ರೆ ನಾಳೆ ಊರಾಗೆ ಯಾವ್ ಕೂಸಿಗೆ ಏನಾದ್ರೂ ಯಾರ್ ಒಣೆ?"

ಅತ್ತಿಗೆ ಸೆರಗು ಕಚ್ಚಿಕೊಂಡು ಅಣ್ಣನನ್ನೇ ನೋಡುತ್ತಿದ್ದಳು. ಅಣ್ಣ ನನ್ನ ಕಡೆ ನೋಡಿದ. ತುಂಬಾ ಹೊತ್ತು ನೋಡಿದ.

"ಊವ ಕೇಳಾಣ. ಮಲ್ಲ, ಏರ್ಸು."

ಸಿಸ್ಟರ್ ಒಳಗೆ ಮೀನಾ ಜೊತೆ ಇದ್ದರು. ಅವರನ್ನು ಕೇಳಲಿಲ್ಲ. ಮೀನಾ ಮಂಚದ ಮೇಲಿಂದಲೇ ಅಂದಳು, "ಚಿಕ್ಕಪ್ಪ ಐತಲ್ಲ, ಊವ ಬಲಕ್ಕೇ ಬೀಳ್ತದೆ ಬುಡಿ."

ಗುಡಿಯಲ್ಲಿ ಗಂಧದ ಬಟ್ಟಲು ಇತ್ತು. ಅಣ್ಣ ಇಟ್ಟಿದ್ದ. ಬೆರಳು ಅದರ ಹತ್ತಿರ ಹೋಯಿತು. ಸಿಸ್ಟರ್‌ಗೆ ಮಾತು ಕೊಟ್ಟಿದ್ದು ನೆನಪಾಯಿತು — ಯಾವ ಕಾರಣಕ್ಕೂ ಇಲ್ಲ ಅಂದಿದ್ದರು. ಅವರ ದೇವರ ಮೈಮೇಲೆ ಅಂದಿದ್ದರು. ಇಂಥ ಹೊತ್ತಿನಲ್ಲಿ ಅಮ್ಮ ತಾನೇ ನೋಡಿಕೊಳ್ಳುವುದಿಲ್ಲವೇ ಅನ್ನಿಸಿತು. ಜೀವಮಾನದಲ್ಲಿ ಮೊದಲ ಸಲ ನಿಜವಾಗಿ ಬೇಡಿಕೊಂಡೆ. ಎರಡಕ್ಕೂ ಬರೀ ನೀರು ಹಚ್ಚಿದೆ.

ಎಡಗಡೆಯದು ಬಿತ್ತು.

ಅಣ್ಣ ಕೆಳಗೆ ಬಿದ್ದ ಹೂವನ್ನು ನೋಡಿದ, ಆಮೇಲೆ ನನ್ನ ಬೆರಳನ್ನು ನೋಡಿದ.

ಸಿಸ್ಟರ್ ಗೌಡನ ಕಾಲು ಹಿಡಿದರು. ಅಣ್ಣನ ಕಾಲು ಹಿಡಿದರು. ಇಂಜೆಕ್ಷನ್ ಒಂದಿತ್ತು, ಹಾಕಿದರು. ಸಂಜೆಯಾದ ಮೇಲೆ ಹೊರಗಿನವರು ಹಟ್ಟಿಯೊಳಗೆ ಇರುವ ಹಾಗಿಲ್ಲ, ಈಚೆ ಕಳಿಸಿದರು. ಜೀಪಿಗೆ ಬಂದು ಕೂತು ಕೇಳಿದರು — ಗಂಧ ಹಚ್ಚಿದಿರಾ?

ಇಲ್ಲ ಸಿಸ್ಟರ್. ಮಾತು ಕೊಟ್ಟಿದ್ದೆನಲ್ಲ.

ಮುಖ ಆಚೆ ತಿರುಗಿಸಿಕೊಂಡರು. ಆಗಿನಿಂದ ಹಾಗೇ ಇದ್ದಾರೆ.

ಆಗಸ್ಟ್ 2

ಬೆಳಗಿನ ಜಾವ ಅತ್ತಿಗೆ ಕೂಗಿಕೊಂಡಳು. ಮೀನಾ ಸೆಟೆದುಕೊಂಡಿದ್ದಳಂತೆ. ಆಗ ಯಾರೂ ಹೂವು ಕೇಳಲಿಲ್ಲ. ಅಣ್ಣನೇ ಹೊತ್ತುಕೊಂಡು ಎಲ್ಲೆಕಲ್ಲು ದಾಟಿ ಓಡಿಬಂದ. ಕಾಪು ಕೈಯಲ್ಲೇ ಇತ್ತು.

ಆರು ಕಿಲೋಮೀಟರ್ ಕಲ್ಲು. ಎಷ್ಟು ನಿಧಾನ ಓಡಿಸಿದರೂ ಹಾರುತ್ತದೆ, ಜೋರು ಓಡಿಸಿದರೂ ಹಾರುತ್ತದೆ. ಹಿಂದಿನಿಂದ ಸಿಸ್ಟರ್ ಜೋರು ಅಣ್ಣಾ, ಜೋರು ಅನ್ನುತ್ತಿದ್ದರು. ಟಾರ್ ರಸ್ತೆ ಸಿಕ್ಕಿತು. ಆ ಹುಣಿಸೆ ಮರ ದಾಟಿದ ಮೇಲೆ ಜೋರು ಅನ್ನುವುದು ನಿಲ್ಲಿಸಿದರು.

ನಾನು ಹಿಂದೆ ತಿರುಗಲಿಲ್ಲ. ಆದರೂ ಧರ್ಮಪುರಿಯವರೆಗೆ ಓಡಿಸಿದೆ.

ಕೂಸೂ ಇಲ್ಲ. ಹೆಣ್ಣು.

ಆಗಸ್ಟ್ 17

ಬಾಲಾಜಿ ಕಡೆಯವರು ಮೀನಾಳನ್ನು ಅದಿಯಮಾನ್‌ಕೋಟೆಗೆ ಒಯ್ದು ಮಣ್ಣು ಮಾಡಿದರು. ಹದಿನೈದು ದಿನ ಆಯಿತು.

ಟೀ ಅಂಗಡಿಯವನು ಕೇಳಿದ, ಏನು ಮಲ್ಲಪ್ಪ, ಜೋಕು ಸ್ಟಾಕ್ ಮುಗಿಯಿತಾ. ಲೋಡ್ ಬಂದಿಲ್ಲ ಅಂದೆ. ಅವನು ನಕ್ಕ. ಬಾಯಿ ತಾನಾಗಿಯೇ ಆಡಿಬಿಡುತ್ತದೆ.

ಆಗಸ್ಟ್ 20

ಹಟ್ಟಿಗೆ ಹೋದೆ. ಸೂತಕ ಕಳೆದಿದೆ. ಅಣ್ಣ ದೊಡ್ಡಿಯಲ್ಲಿ ಒಬ್ಬನೇ ಕುರಿಯ ಗೊರಸು ನೋಡುತ್ತಾ ಕೂತಿದ್ದ. ಪಕ್ಕ ಕೂತೆ. ಒಂದು ಕುರಿ ಮುಗಿಸಿದ. ಇನ್ನೊಂದನ್ನು ಎಳೆದುಕೊಂಡ.

"ಅಪ್ಪ ನನಗ್ ಪೂಜೆ ಕೊಟ್ಟ, ನಿನಗ್ ಊವ ಕೊಟ್ಟ. ಯಾಕಂತ ಗೊತ್ತೇನ್ಲಾ?"

ಅಣ್ಣ ಗೊರಸಿನ ಸಂದಿಯ ಮಣ್ಣು ಕೆರೆದು ತೆಗೆದ.

"ನನಗ್ ಸುಳ್ಳಾಡಾಕ್ ಬರಾಕಿಲ್ಲ ಅಂತ. ಅಪ್ಪನೂ ಗಂಧ ಅಚ್ಚೋನು. ಅಮ್ಮ ಒಂದೊಂದ್ ಕಿತ ನಮ್ ಕೈಗೇ ಬುಟ್ಬುಡ್ತಾಳೆ ಮಾದ, ಆಗ ಕೈ ಇಂದಕ್ಕ್ ಎಳ್ಕಬಾರ್ದು ಅಂತಿದ್ದ. ನಿನ್ ಬೋರ್‌ವೆಲ್ಲು ನಂಗ್ ಗೊತ್ತು. ಮದ್ವೆ ಗೊತ್ತು. ಸಿಸ್ಟರ್ ಬಂದಿದ್ದೂ ಗೊತ್ತು."

ಕುರಿಯ ಕಾಲು ಬಿಟ್ಟ.

"ನನ್ ಕೈಯಾಗೆ ಕಾಪಿತ್ತು. ಓಗು ಅಂತ ನಾನೇ ಅಂದಿದ್ರೆ ಊರು ಒಪ್ಕತಿರ್ನಿಲ್ಲ. ಅದ್ಕೇ ಊವ ಅಂದೆ. ಬಟ್ಲು ತುಂಬ ಗಂಧ ತೇದಿಟ್ಟಿದ್ದೆ ಕಣ್ಲಾ. ನೀನಿದ್ದೀಯಲ್ಲ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಅದು ಸಿಸ್ಟರ್ ಮೇಲೆ ಹೋಗುತ್ತದೆ.

ಆಗಸ್ಟ್ 22, ಗುರುವಾರ

ಗುರುವಾರ, ಆದರೆ ಜೀಪು ಹೋಗಲಿಲ್ಲ. ಎರಡನೇ ತಾರೀಕಿನಿಂದ ಚಪ್ಪರ ಖಾಲಿ. ಗೌಡ ಹೇಳುತ್ತಾ ತಿರುಗುತ್ತಿದ್ದಾನೆ — ಕಾಪು ಕಟ್ಟಿದ ಮೇಲೆ ಮಿಷನ್ ಜೀಪು ಎಲ್ಲೆಯ ಹತ್ತಿರ ಬಂತು, ಅದಕ್ಕೇ ಅಮ್ಮ ಜೀವ ತಗೊಂಡಳು. ಇನ್ನು ಬರಬೇಕೋ ಬೇಡವೋ, ಅಮ್ಮನನ್ನೇ ಕೇಳೋಣ ಅಂತ. ಮುಂದಿನ ಶುಕ್ರವಾರ. ಹೂವು ಏರಿಸುವವನು ನಾನು.

ಪಾಪಾತಿ ಫೋನ್ ಮಾಡಿದ್ದಳು. ಗೌಡನ ಸೊಸೆ, ಏಳು ತಿಂಗಳು. ದನಿ ಇಳಿಸಿಕೊಂಡು ಮಾತಾಡಿದಳು.

"ಮಾವ, ಸಿಸ್ಟರ್ ಬತ್ತಾರಾ? ನಂಗೂ ಕಾಲು ಊದ್ಕಂಡೈತೆ. ಮನ್ಯಾಗೆ ಏಳುದ್ರೆ ಬಿಸ್ಲಿಗೆ ಅಂತಾರೆ."

ಅರ್ಧ ಜೋಕು ಬಾಯಿಗೆ ಬಂತು. ನುಂಗಿದೆ. ಪೆನ್ನಾಗರಕ್ಕೆ ಬಾರವ್ವ, ನಾನೇ ಕರ್ಕೊಂಡೋಯ್ತೀನಿ ಅಂದೆ. "ಮಾವಯ್ಯ ಕೊಲ್ತಾರೆ" ಅಂದಳು. ಫೋನ್ ಕಟ್ಟಾಯಿತು.

ಆಗಸ್ಟ್ 29, ಗುರುವಾರ

ಸಿಸ್ಟರ್ ರೂಮಿಗೆ ಹೋದೆ. ಟ್ರಂಕು ತೆರೆದಿತ್ತು. ಹಟ್ಟಿ ಬೇಡ ಅಂದರೆ ಮಿಷನ್‌ನವರು ಬೇರೆ ಕಡೆ ಹಾಕುತ್ತಾರಂತೆ. ಅರ್ಧ ಬಟ್ಟೆ ಒಳಗೆ, ಅರ್ಧ ಹೊರಗೆ. ತೆಳ್ಳಗಾಗಿದ್ದಾರೆ.

ಅವತ್ತಿನಿಂದ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಇವತ್ತು ಅವರೇ ಎತ್ತಿದರು.

"ನಾನು ಮಾತು ತೆಗೆದುಕೊಳ್ಳದೆ ಇದ್ದಿದ್ದರೆ ನೀವು ಗಂಧ ಹಚ್ಚುತ್ತಿದ್ದಿರಿ."

"ಹಚ್ಚಿದ್ದರೂ ಅಷ್ಟೇ ಸಿಸ್ಟರ್. ಬಲಕ್ಕೆ ಬಿದ್ದಿದ್ದರೂ ನಮ್ಮಣ್ಣ ಕಳಿಸುತ್ತಿರಲಿಲ್ಲ. ಕಲ್ಲು ಅವನು. ನಿಮಗೆ ಗೊತ್ತಿಲ್ಲ."

"ನಿಜವಾ?"

"ನಿಜ."

ನನ್ನ ಮುಖವನ್ನೇ ನೋಡಿದರು. ಪೂರ್ತಿ ನಂಬುವವರು ಅವರೊಬ್ಬರೇ. ನಂಬಿದರು ಅಂತ ಅಂದುಕೊಂಡಿದ್ದೇನೆ. ಅಣ್ಣನನ್ನು ಕಲ್ಲು ಮಾಡಿ ಬಂದೆ.

ಆಮೇಲೆ ಪಾಪಾತಿ ವಿಷಯ ಹೇಳಿದೆ. ನಾಳೆ ಹೂವು ಅಂತ ಹೇಳಿದೆ. ಕಿಟಕಿಯ ಹತ್ತಿರ ಹೋಗಿ ನಿಂತರು.

"ಅಣ್ಣಾ, ಮೀನಾಗೆ ಹಚ್ಚದೇ ಇದ್ದ ಗಂಧವನ್ನು ನನಗಾಗಿ ಹಚ್ಚಬೇಡಿ. ಹಚ್ಚಿದರೆ ನಾನು ಸಿದ್ದಲಕ್ಷ್ಮಮ್ಮನ ಎದುರಿಗೆ ಹೇಗೆ ಊಟಕ್ಕೆ ಕೂರಲಿ?"

"ಪಾಪಾತಿ ಇದ್ದಾಳಲ್ಲ ಸಿಸ್ಟರ್..."

"ಗೊತ್ತು."

"ಮತ್ತೆ?"

ಅವರ ಭುಜ ಅಲುಗುತ್ತಿತ್ತು. ಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು, ತಂಗಿಯಾಗಿದ್ದರೆ ಹಿಡಿದುಕೊಳ್ಳುತ್ತಿದ್ದೆ. ಟ್ರಂಕಿನಿಂದ ಜಾರಿದ್ದ ಒಂದು ಶಾಲು ಮಡಿಸಿ ಇಟ್ಟು ಬಂದೆ. ಒಳಗೆ ಇಡಲಿಲ್ಲ. ಹೊರಗೆ, ಮಂಚದ ಮೇಲೆ.

ಆಗಸ್ಟ್ 30, ಶುಕ್ರವಾರ, ಬೆಳಿಗ್ಗೆ 6.40

ಹಟ್ಟಿ. ಜೀಪಿನಲ್ಲಿ ಕೂತಿದ್ದೇನೆ. ಎಲ್ಲೆಕಲ್ಲಿನ ಈಚೆ, ಅವತ್ತು ನಿಲ್ಲಿಸಿದ್ದ ಜಾಗದಲ್ಲೇ. ಗುಡಿಯ ಮುಂದೆ ಜನ ಸೇರುತ್ತಿದ್ದಾರೆ. ಗೌಡ ಹೊಸ ಟವೆಲ್ ಹಾಕಿಕೊಂಡು ಬಂದಿದ್ದಾನೆ.

ಪಾಪಾತಿ ಬೋರ್‌ವೆಲ್ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಳೆ. ನೀರು ತುಂಬಿ ಹೊರಗೆ ಹೋಗುತ್ತಿದೆ, ನೋಡುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ. ಕಾಲ್ಗೆಜ್ಜೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ.

ಇಲ್ಲಿಗೆ ಬರುವಷ್ಟರಲ್ಲಿ ಒಂದು ತೀರ್ಮಾನ ಮಾಡಿದ್ದೆ. ಬರೀ ನೀರು. ಎರಡಕ್ಕೂ. ಆಗಿದ್ದಾಗಲಿ. ಮೀನಾಳನ್ನು ಕೊಟ್ಟು ಉಳಿಸಿಕೊಂಡ ಮಾತು ಅದು, ಇನ್ನೊಂದು ತಿಂಗಳೂ ಉಳಿಸಿಕೊಳ್ಳದಿದ್ದರೆ ಅವಳು ಯಾತಕ್ಕೆ ಹೋದಳು.

ಈಗ ಅತ್ತಿಗೆ ಬಂದು ಹೋದಳು. ಹಳದಿ ಚೀಲ ತಂದು ಸೀಟಿನ ಮೇಲೆ ಇಟ್ಟಳು. ಐದಾರು ಸೇರಾದರೂ ಇದೆ ರಾಗಿ. ಅಂದರೆ ನಿಲ್ಲಿಸಿಲ್ಲ. ಅವತ್ತಿನ ಮೇಲೂ ದಿನಾ ಒಂದು ಹಿಡಿ ಹಾಕಿದ್ದಾಳೆ.

"ಸಿಸ್ಟರ್‌ಗೆ ಕೊಡು. ಅವ್ರ ಅವ್ವಂಗೆ ಕಳ್ಸಾಕ್ ಏಳು."

"ಅತ್ಗೆ, ಅವ್ರು ಒಂಟೋಯ್ತಾರೇನೋ."

"ಎಲ್ಲಿಗೋದಾರು. ಇನ್ನೊಂದು ಮುದ್ದೆ ಬ್ಯಾಡ್ವಾ?"

ನಗಲಿಲ್ಲ ಅವಳು. ಸೆರಗಿನ ಒಳಗಿಂದ ಒಂದು ಬಟ್ಟಲು ತೆಗೆದು ನನ್ನ ಕೈಗಿಟ್ಟಳು. ನನ್ನ ನಾಲ್ಕು ಬೆರಳು ಮಡಿಸಿ ಅದರ ಸುತ್ತ ಮುಚ್ಚಿದಳು. ತಿರುಗಿ ನೋಡದೆ ಹೋದಳು.

ಗಂಧ. ಅವಳೇ ತೇದಿದ್ದಾಳೆ. ಅಣ್ಣನಿಗಿಂತ ಗಟ್ಟಿಯಾಗಿ. ಅವಳ ಬೆರಳಿನ ಗಂಟಿನ ಚರ್ಮ ಕಿತ್ತುಬಂದಿತ್ತು.

ಅವಳಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತೋ ಏನೋ. ಮೀನಾಗೂ —

ಅಣ್ಣ ಕರೆಯುತ್ತಿದ್ದಾನೆ. ಬಟ್ಟಲು ತೊಡೆಯ ಮೇಲಿದೆ. ಪುಸ್ತಕದ ಮೂಲೆಗೆ ಸ್ವಲ್ಪ ಅಂಟಿತು. ಸಿಸ್ಟರ್ ಕೇಳಿದರೆ ಏನು ಹೇಳಬೇಕು ಅಂದರೆ, ನಾನು —